ಅಂಟು ಹಾಕದ ಎರಡು ತುಂಡುಗಳು: ಚೆಲ್ಲೊದ ಕುದುರೆ ಮತ್ತು ಒಳಗಂಬ

ಪಿಟೀಲನ್ನು ನಾವೆಲ್ಲ ಬಲ್ಲೆವು. ಅದರ ಕುಟುಂಬಕ್ಕೆ ಸೇರಿದ ದೊಡ್ಡ ವಾದ್ಯ ಚೆಲ್ಲೊ. ವಾದಕ ಕುರ್ಚಿಯಲ್ಲಿ ಕುಳಿತು, ಅದನ್ನು ಮೊಣಕಾಲುಗಳ ನಡುವೆ ಆನಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ಒಡಲಿನ ಉದ್ದ ಸುಮಾರು 75 ಸೆಂ.ಮೀ. ನಾಲ್ಕು ತಂತಿಗಳನ್ನು ಸಿ, ಜಿ, ಡಿ, ಎ ಎಂದು ಕರೆಯುತ್ತಾರೆ. ಅವುಗಳ ಆವೃತ್ತಿ ಕ್ರಮವಾಗಿ 65, 98, 147 ಮತ್ತು 220 ಹರ್ಟ್ಸ್.

ಈ ವಾದ್ಯದ ಬಹುತೇಕ ಭಾಗಗಳನ್ನು ಅಂಟು ಹಾಕಿ ಕೂಡಿಸಿರುತ್ತಾರೆ. ಆದರೆ ನಾದಕ್ಕೆ ಅತ್ಯಂತ ಮುಖ್ಯವಾದ ಎರಡು ತುಂಡುಗಳಿಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದು, ತಂತಿಗಳನ್ನು ಎತ್ತಿ ಹಿಡಿಯುವ ಮೇಪಲ್ ಮರದ ಕುದುರೆ. ವೀಣೆಯವರು ಬಳಸುವ ಈ ಮಾತಿಗೆ ಫ್ರೆಂಚ್ ಭಾಷೆಯಲ್ಲೂ ಜೋಡಿಯಿದೆ. ಅಲ್ಲಿ ಪಿಟೀಲಿನ ಕುದುರೆಗೆ 'ಶೆವಲೆ', ಅಂದರೆ ಪುಟ್ಟ ಕುದುರೆ ಎನ್ನುತ್ತಾರೆ. ಇನ್ನೊಂದು, ವಾದ್ಯದ ಒಳಗೆ ಮೇಲ್ಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ನಿಂತಿರುವ ಸ್ಪ್ರೂಸ್ ಮರದ ಗುಂಡನೆಯ ಕಡ್ಡಿ, ಸೌಂಡ್‌ಪೋಸ್ಟ್. ಈ ಲೇಖನದಲ್ಲಿ ಅದನ್ನು ಒಳಗಂಬ ಎಂದು ಕರೆಯೋಣ. ಚೆಲ್ಲೊದಲ್ಲಿ ಇದರ ದಪ್ಪ ಸುಮಾರು 11 ಮಿ.ಮೀ., ಪಿಟೀಲಿನಲ್ಲಿ ಸುಮಾರು 6 ಮಿ.ಮೀ. ಫ್ರೆಂಚರು ಇದನ್ನು 'ಆಮ್' ಎಂದೂ ಇಟಾಲಿಯನ್ನರು 'ಆನಿಮ' ಎಂದೂ ಕರೆಯುತ್ತಾರೆ. ಎರಡಕ್ಕೂ ಆತ್ಮ ಎಂದೇ ಅರ್ಥ.

ನಾದ ಮಂಕಾಗಿದೆ, ಒಂದು ತಂತಿ ಗಡುಸಾಗಿದೆ, ಒಂದು ಸ್ವರ ನಡುಗುತ್ತಿದೆ ಎಂದು ದೂರಿಕೊಂಡು ವಾದಕರು ಕುಶಲಕರ್ಮಿಯ ಬಳಿಗೆ ಹೋಗುತ್ತಾರೆ. ಅವನು ಬಾಗಿದ ಉಕ್ಕಿನ ಸಲಕರಣೆಯನ್ನು 'ಎಫ್' ಆಕಾರದ ರಂಧ್ರದೊಳಗೆ ತೂರಿಸಿ ಒಳಗಂಬವನ್ನು ಅರ್ಧ ಮಿ.ಮೀ. ಸರಿಸುತ್ತಾನೆ, ಕುದುರೆಯನ್ನು ಕೊಂಚ ನೇರ ಮಾಡುತ್ತಾನೆ. ವಾದ್ಯ ಬದಲಾಯಿತು ಎಂದು ವಾದಕ ಹೇಳುತ್ತಾನೆ. ಇದರಲ್ಲಿ ಭೌತವಿಜ್ಞಾನ ಎಷ್ಟು, ನಂಬಿಕೆ ಎಷ್ಟು? ಅರ್ಧ ಮಿ.ಮೀ. ಸರಿತ ಏನನ್ನು ಬದಲಿಸಬಲ್ಲದು, ಏನನ್ನು ಬದಲಿಸಲಾರದು?

ಅಕ್ಕಿ ಚೀಲದ ಭಾರ

ಮೊದಲು ಸ್ಥಿರ ಬಲಗಳನ್ನು ನೋಡೋಣ. ಚೆಲ್ಲೊದ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 55ರಿಂದ 60 ಕಿಲೋಗ್ರಾಂ ಭಾರದಷ್ಟು. ತಂತಿ ಕುದುರೆಯ ಮೇಲೆ ಹಾದು ಹೋಗುವಾಗ ಸುಮಾರು 25 ಡಿಗ್ರಿಯಷ್ಟು ಬಾಗುತ್ತದೆ. ಬಲಗಳ ಸಮಾಂತರ ಚತುರ್ಭುಜ ನಿಯಮ ಬಳಸಿದರೆ ಕೆಳಮುಖ ಬಲ ಎಳೆತದ 0.43ರಷ್ಟಾಗುತ್ತದೆ, ಅಂದರೆ ಸುಮಾರು 25 ಕಿ.ಗ್ರಾಂ. ಅಂಗಡಿಯ ಒಂದು ಅಕ್ಕಿ ಚೀಲದ ಭಾರವನ್ನು 4-5 ಮಿ.ಮೀ. ದಪ್ಪದ ಕಮಾನಿನಾಕಾರದ ಸ್ಪ್ರೂಸ್ ಹಲಗೆ ವರ್ಷಗಟ್ಟಲೆ ಹೊರುತ್ತದೆ. ಕುದುರೆ ಮತ್ತು ಒಳಗಂಬ ಎರಡನ್ನೂ ಜಾಗದಲ್ಲಿ ಹಿಡಿದಿರುವುದು ಈ ಒತ್ತಡ ಮತ್ತು ಅದರಿಂದ ಹುಟ್ಟುವ ಘರ್ಷಣೆ ಮಾತ್ರ. ನಾಲ್ಕೂ ತಂತಿಗಳನ್ನು ಒಮ್ಮೆಗೇ ಸಡಿಲಿಸಿದರೆ ಒಳಗಂಬ ಬಿದ್ದುಹೋಗಬಹುದು. ತಂತಿ ಬದಲಿಸುವಾಗ ಒಂದೊಂದಾಗಿಯೇ ಬದಲಿಸಬೇಕು ಎಂದು ಗುರುಗಳು ಹೇಳುವುದು ಇದಕ್ಕಾಗಿ.

ನಮ್ಮ ಪಿಟೀಲಿಗೂ ಇದು ಅನ್ವಯಿಸುತ್ತದೆ. ತಂತಿಯ ಎಳೆತ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕರ್ನಾಟಕ ಸಂಗೀತಕ್ಕೆ ಶ್ರುತಿಯನ್ನು ಶೇಕಡ 10ರಷ್ಟು ಇಳಿಸಿದರೆ ಎಳೆತ ಶೇಕಡ 19ರಷ್ಟು ಇಳಿಯುತ್ತದೆ. ಪಾಶ್ಚಾತ್ಯ ಶ್ರುತಿಗೆ ಹೊಂದಿಸಿ ನಿಲ್ಲಿಸಿದ ಒಳಗಂಬದ ಬಿಗಿತ ಆಗ ಮೊದಲಿನಂತಿರುವುದಿಲ್ಲ. ವಿರುದ್ಧ ದಿಕ್ಕಿನ ಉದಾಹರಣೆ, ಮೈಸೂರಿನ ಪಿಟೀಲು ಚೌಡಯ್ಯನವರ ಏಳು ತಂತಿಗಳ ವಾದ್ಯ. ಧ್ವನಿವರ್ಧಕಗಳು ಅಪರೂಪವಾಗಿದ್ದ ಕಾಲದಲ್ಲಿ ನಾದವನ್ನು ದೂರಕ್ಕೆ ಮುಟ್ಟಿಸಲು ಅವರು ಕಂಡುಕೊಂಡ ಆ ಉಪಾಯದಲ್ಲಿ ಕುದುರೆಯ ಮೇಲಿನ ಹೊರೆಯೂ ಹೆಚ್ಚುತ್ತದೆ.

ಅಡ್ಡಕಂಪನ ಲಂಬಕಂಪನವಾಗುವುದು ಹೇಗೆ?

ತಂತಿ ತಾನೇ ಹೆಚ್ಚು ಶಬ್ದ ಮಾಡಲಾರದು. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಕಮಾನಿನಿಂದ ಉಜ್ಜಿದಾಗ ತಂತಿ ಹೇಗೆ ಚಲಿಸುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಸೂಕ್ಷ್ಮದರ್ಶಕದ ನೆರವಿನಿಂದ ಕಂಡುಹಿಡಿದಿದ್ದ. ಯಾವ ಕ್ಷಣದಲ್ಲಿ ನೋಡಿದರೂ ತಂತಿ ಎರಡು ಸರಳರೇಖೆಗಳಾಗಿರುತ್ತದೆ. ಅವು ಕೂಡುವ ಮೂಲೆ ತಂತಿಯುದ್ದಕ್ಕೂ ಓಡುತ್ತಿರುತ್ತದೆ. ಒಂದು ಆವರ್ತದಲ್ಲಿ ಒಂದೇ ಸಲ ತಂತಿ ಕಮಾನಿನಿಂದ ಜಾರುತ್ತದೆ, ಉಳಿದ ಹೊತ್ತು ಕಮಾನಿಗೆ ಅಂಟಿಕೊಂಡು ಹೋಗುತ್ತದೆ. ಇದರಿಂದ ಕುದುರೆಯ ಮೇಲೆ ಬೀಳುವ ಬಲದ ಆಲೇಖ ಗರಗಸದ ಹಲ್ಲಿನಂತಿರುತ್ತದೆ. ಗರಗಸ ಅಲೆಯಲ್ಲಿ ಎಲ್ಲ ಮೇಲ್ಸ್ವರಗಳೂ ಇರುತ್ತವೆ: ಮೂಲಸ್ವರದ ಪಾರ 1 ಆದರೆ ಎರಡನೆಯದು 1/2, ಮೂರನೆಯದು 1/3, ಹೀಗೆ.

ಈ ಬಲದ ದಿಕ್ಕನ್ನು ಗಮನಿಸಿ. ಕಮಾನು ತಂತಿಯನ್ನು ಅಕ್ಕಪಕ್ಕಕ್ಕೆ ಎಳೆಯುತ್ತದೆ, ಅಂದರೆ ಮೇಲ್ಹಲಗೆಗೆ ಬಹುಮಟ್ಟಿಗೆ ಸಮಾಂತರವಾಗಿ. ಆದರೆ ಹಲಗೆ ಗಾಳಿಯನ್ನು ತಳ್ಳಬೇಕಾದರೆ ತನ್ನ ಮೇಲ್ಮೈಗೆ ಲಂಬವಾಗಿ ಚಲಿಸಬೇಕು. ದಿಕ್ಕು ಬದಲಿಸುವ ಕೆಲಸ ಕುದುರೆಯದು. ಅದಕ್ಕೆ ಎರಡು ಪಾದಗಳಿವೆ. ನೆತ್ತಿಯನ್ನು ಪಕ್ಕಕ್ಕೆ ತಳ್ಳಿದರೆ ಒಂದು ಪಾದ ಒತ್ತುತ್ತದೆ, ಇನ್ನೊಂದು ಏಳಲು ನೋಡುತ್ತದೆ. ಕುದುರೆ ಒಂದು ಸನ್ನೆ.

ಈಗ ಒಳಗಂಬ ಇಲ್ಲವೆಂದು ಭಾವಿಸಿ. ವಾದ್ಯದ ಎಡ-ಬಲ ಭಾಗಗಳು ಸಮರೂಪವಾಗಿದ್ದರೆ ಕುದುರೆ ನಡುಗೆರೆಯ ಸುತ್ತ ಮಕ್ಕಳ ಏರುಪೇರಾಟದ ಹಲಗೆಯಂತೆ ಆಡುತ್ತದೆ. ಹಲಗೆಯ ಎಡಭಾಗ ಎಷ್ಟು ಒಳಕ್ಕೆ ಹೋಗುತ್ತದೋ ಬಲಭಾಗ ಅಷ್ಟೇ ಹೊರಕ್ಕೆ ಬರುತ್ತದೆ. ಎಡಭಾಗ ಗಾಳಿಯನ್ನು ವಿರಳಗೊಳಿಸಿದರೆ ಬಲಭಾಗ ಸಾಂದ್ರಗೊಳಿಸುತ್ತದೆ. 100 ಹರ್ಟ್ಸ್ ಶಬ್ದದ ತರಂಗದೂರ ಸುಮಾರು 3.4 ಮೀಟರ್. ವಾದ್ಯದ ಅಗಲ ಅದರ ಏಳರಲ್ಲಿ ಒಂದು ಭಾಗದಷ್ಟೂ ಇಲ್ಲ. ಇಷ್ಟು ಹತ್ತಿರದ ಎರಡು ವಿರುದ್ಧ ಆಕರಗಳು ದೂರದ ಕೇಳುಗನ ಪಾಲಿಗೆ ಒಂದನ್ನೊಂದು ಬಹುತೇಕ ಅಳಿಸಿಹಾಕುತ್ತವೆ. ಒಳಗಂಬ ಬಿದ್ದುಹೋದ ವಾದ್ಯದ ಕೆಳಸ್ವರಗಳು ಟೊಳ್ಳಾಗಿ, ಬಲವಿಲ್ಲದೆ ಕೇಳಿಸುವುದು ಈ ಕಾರಣಕ್ಕೆ.

ಒಳಗಂಬವನ್ನು ಎ ತಂತಿಯ ಬದಿಯ ಪಾದದ ತುಸು ಹಿಂದೆ ನಿಲ್ಲಿಸಿದಾಗ ಸಮರೂಪತೆ ಮುರಿಯುತ್ತದೆ. ಕೆಳ ಆವೃತ್ತಿಗಳಲ್ಲಿ ಆ ಪಾದದ ಸುತ್ತಲಿನ ಜಾಗ ಹೆಚ್ಚುಕಡಿಮೆ ನಿಸ್ಪಂದವಾಗುತ್ತದೆ. ಕುದುರೆ ಆ ಪಾದವನ್ನೇ ಆಧಾರ ಬಿಂದುವಾಗಿಸಿಕೊಂಡು ಆಡತೊಡಗುತ್ತದೆ. ಸಿ ತಂತಿಯ ಬದಿಯ ಪಾದ ಹಲಗೆಯನ್ನು ಒಳಕ್ಕೂ ಹೊರಕ್ಕೂ ತಳ್ಳುತ್ತದೆ. ಆ ಪಾದದ ಅಡಿಯಲ್ಲಿ ಹಲಗೆಯ ಒಳಮೈಗೆ ಉದ್ದಕ್ಕೂ ಅಂಟಿಸಿದ ಒಂದು ಮರದ ತೊಲೆಯಿದೆ. ಅದು ಈ ಚಲನೆಯನ್ನು ಹಲಗೆಯ ಉದ್ದಕ್ಕೂ ಹಂಚುತ್ತದೆ. ಪರಿಣಾಮವಾಗಿ ಒಡಲಿನ ಗಾತ್ರ ಆವರ್ತಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ, ವಾದ್ಯ ಉಸಿರಾಡುತ್ತದೆ. ಈ ಉಸಿರಾಟವೇ ಕೆಳಸ್ವರಗಳನ್ನು ದೂರಕ್ಕೆ ಒಯ್ಯುವುದು.

ಆದ್ದರಿಂದ ಒಳಗಂಬ ಮೇಲ್ಹಲಗೆಯ ಕಂಪನವನ್ನು ಹಿಂಬದಿಗೆ ಸಾಗಿಸುವ ಕೊಳವೆ ಎಂಬ ಜನಪ್ರಿಯ ವಿವರಣೆ ಅರ್ಧಸತ್ಯ. ಅದು ಸಾಗಿಸುವುದೂ ನಿಜ. ಆದರೆ ಅದರ ದೊಡ್ಡ ಕೊಡುಗೆ ಒಂದು ಪಾದವನ್ನು ತಡೆದು ನಿಲ್ಲಿಸುವುದು. ಆತ್ಮ ಎಂಬ ಹೆಸರು ಹೊತ್ತ ತುಂಡಿನ ಮುಖ್ಯ ಕೆಲಸ ಅಲುಗಾಡದಿರುವುದು ಎಂಬುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಕುದುರೆ ಒಂದು ಸೋಸಕ

ಕುದುರೆಯನ್ನು ಗಡುಸಾದ ಸನ್ನೆ ಎಂದು ತಿಳಿಯುವುದು ಕೆಳ ಆವೃತ್ತಿಗಳಿಗೆ ಸಾಕು. ಮೇಲಕ್ಕೆ ಹೋದಂತೆ ಅದು ಸಾಲದು. ಕುದುರೆಯಲ್ಲಿ ಕೊರೆದಿರುವ ಹೃದಯಾಕಾರದ ಕಂಡಿ, ಪಕ್ಕದ ಕಿವಿಗಳು, ಚೆಲ್ಲೊದಲ್ಲಿ ಎದ್ದು ಕಾಣುವ ಉದ್ದನೆಯ ಕಾಲುಗಳು ಬರಿಯ ಅಲಂಕಾರವಲ್ಲ. ಅವುಗಳಿಂದಾಗಿ ಕುದುರೆ ಒಂದು ಸ್ಪ್ರಿಂಗ್-ದ್ರವ್ಯರಾಶಿ ವ್ಯವಸ್ಥೆಯಾಗುತ್ತದೆ. ಮೇಲ್ಭಾಗ ದ್ರವ್ಯರಾಶಿ, ಸೊಂಟ ಮತ್ತು ಕಾಲುಗಳು ಸ್ಪ್ರಿಂಗ್. ಅಲುಗಾಡದ ಆಧಾರದ ಮೇಲೆ ನಿಲ್ಲಿಸಿ ಅಳೆದಾಗ ಪಿಟೀಲಿನ ಕುದುರೆಯ ಮೊದಲ ಅನುರಣನ ಆವೃತ್ತಿ ಸುಮಾರು 3000 ಹರ್ಟ್ಸ್, ಚೆಲ್ಲೊ ಕುದುರೆಯದು ಸುಮಾರು 1000 ಹರ್ಟ್ಸ್. 1970ರ ದಶಕದಲ್ಲಿ ಬರ್ಲಿನ್ನಿನಲ್ಲಿ ರೈನಿಕೆ ಮತ್ತು ಕ್ರೆಮರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಈ ಆವೃತ್ತಿಯ ಆಸುಪಾಸಿನ ಮೇಲ್ಸ್ವರಗಳು ಒಡಲಿಗೆ ಸುಲಭವಾಗಿ ದಾಟುತ್ತವೆ. ಅದಕ್ಕಿಂತ ಬಹಳ ಮೇಲಿನವು ತಡೆಯಲ್ಪಡುತ್ತವೆ.

ಪದವಿಪೂರ್ವ ತರಗತಿಯ ಸೂತ್ರವನ್ನೇ ನೆನಪಿಸಿಕೊಳ್ಳಿ. ಆವೃತ್ತಿಯು ಸ್ಪ್ರಿಂಗಿನ ಗಡಸುತನವನ್ನು ದ್ರವ್ಯರಾಶಿಯಿಂದ ಭಾಗಿಸಿ ಬಂದುದರ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಕುಶಲಕರ್ಮಿ ಕುದುರೆಯ ಮೇಲ್ಭಾಗವನ್ನು ತೆಳುವಾಗಿಸಿದರೆ ದ್ರವ್ಯರಾಶಿ ಇಳಿದು ಆವೃತ್ತಿ ಏರುತ್ತದೆ, ನಾದ ಹೊಳಪಾಗುತ್ತದೆ. ಸೊಂಟವನ್ನೋ ಕಾಲನ್ನೋ ಕೆತ್ತಿದರೆ ಗಡಸುತನ ಇಳಿದು ಆವೃತ್ತಿ ಇಳಿಯುತ್ತದೆ, ನಾದ ಮೃದುವಾಗುತ್ತದೆ. ಕತ್ತಿ ಒಂದೇ, ತೆಗೆಯುವ ಮರವೂ ಅಷ್ಟೇ, ಪರಿಣಾಮ ಮಾತ್ರ ತದ್ವಿರುದ್ಧ. ಕುದುರೆಯನ್ನು ತೆಳ್ಳಗೆ ಮಾಡಿದರೆ ನಾದ ಚೆನ್ನಾಗುತ್ತದೆ ಎಂಬ ಮಾತಿಗೆ, ಎಲ್ಲಿ ತೆಳ್ಳಗೆ ಎಂದು ಹೇಳದ ಹೊರತು ಅರ್ಥವಿಲ್ಲ. ಮತ್ತೆ, ತೆಗೆದ ಮರವನ್ನು ಹಿಂದಕ್ಕೆ ಹಾಕಲಾಗುವುದಿಲ್ಲ. ಅದಕ್ಕಾಗಿಯೇ ಬಲ್ಲವರು ಮೊದಲು ಒಳಗಂಬವನ್ನು ಸರಿಸಿ ನೋಡಿ, ಕೊನೆಗಷ್ಟೇ ಕತ್ತಿ ಹಿಡಿಯುತ್ತಾರೆ.

ಮ್ಯೂಟ್ ಎಂಬ ಪುಟ್ಟ ಸಾಧನ ಕೆಲಸ ಮಾಡುವುದೂ ಹೀಗೆಯೇ. ಪಿಟೀಲಿನ ಕುದುರೆ ತೂಗುವುದು ಸುಮಾರು 2 ಗ್ರಾಂ, ಒಂದು ರೂಪಾಯಿಯ ನಾಣ್ಯಕ್ಕಿಂತ ಹಗುರ. ಅದರ ನೆತ್ತಿಗೆ ಒಂದು ತುಂಡನ್ನು ಸಿಕ್ಕಿಸಿ ಆಡುವ ದ್ರವ್ಯರಾಶಿಯನ್ನು ಇಮ್ಮಡಿ ಮಾಡಿದರೆ 3000 ಹರ್ಟ್ಸ್‌ನ ಅನುರಣನೆ ಸುಮಾರು 2100ಕ್ಕೆ ಇಳಿಯುತ್ತದೆ. ನಾದ ಮುಸುಕು ಹಾಕಿಕೊಂಡಂತಾಗುತ್ತದೆ.

ಚೆಲ್ಲೊಗೆ ಫ್ರೆಂಚ್ ಮತ್ತು ಬೆಲ್ಜಿಯನ್ ಎಂಬ ಎರಡು ಮಾದರಿಯ ಕುದುರೆಗಳು ಬಳಕೆಯಲ್ಲಿವೆ. ಬೆಲ್ಜಿಯನ್ ಕುದುರೆಯ ಕಾಲುಗಳು ಉದ್ದ. ಅದು ಹೊಳಪಿನ, ದೂರಕ್ಕೆ ಮುಟ್ಟುವ ನಾದ ಕೊಡುತ್ತದೆ, ಫ್ರೆಂಚ್ ಕುದುರೆ ಬೆಚ್ಚಗಿನ ನಾದ ಕೊಡುತ್ತದೆ ಎಂಬುದು ವಾದ್ಯಗಾರರ ಸಾಮಾನ್ಯ ಅನುಭವ.

ತೋಳದ ಸ್ವರ

ಇಲ್ಲಿಯವರೆಗಿನ ಮಾತು ಕೇಳಿದರೆ, ತಂತಿಯ ಶಕ್ತಿ ಒಡಲಿಗೆ ಎಷ್ಟು ಹೆಚ್ಚು ದಾಟಿದರೆ ಅಷ್ಟು ಒಳ್ಳೆಯದು ಎನಿಸಬಹುದು. ಹಾಗಲ್ಲ. ಅದಕ್ಕೆ ಸಾಕ್ಷಿ ಬಹುತೇಕ ಎಲ್ಲ ಚೆಲ್ಲೊಗಳಲ್ಲೂ ಸ್ವಲ್ಪವಾದರೂ ಇರುವ ಒಂದು ದೋಷ. 165ರಿಂದ 185 ಹರ್ಟ್ಸ್ ನಡುವೆ ಎಲ್ಲೋ ಒಂದು ಸ್ವರ ಸ್ಥಿರವಾಗಿ ನಿಲ್ಲದೆ ಸೆಕೆಂಡಿಗೆ ಹಲವು ಬಾರಿ ಏರಿಳಿಯುತ್ತ ಗುರುಗುಟ್ಟುತ್ತದೆ, ಕೆಲವೊಮ್ಮೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಯೂರೋಪಿನ ವಾದಕರು ಇದನ್ನು ತೋಳದ ಸ್ವರ ಎಂದು ಕರೆದರು.

ಇದರ ವಿವರಣೆಯಲ್ಲಿ ಸಿ.ವಿ. ರಾಮನ್ ಅವರ ಪಾತ್ರವಿದೆ. ಆಗ ಅವರು ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿ. ಬೌಬಜಾರ್ ಬೀದಿಯ ಭಾರತೀಯ ವಿಜ್ಞಾನ ಪ್ರೋತ್ಸಾಹಕ ಸಂಸ್ಥೆಯಲ್ಲಿ ಬಿಡುವಿನ ವೇಳೆಯಲ್ಲಿ ಪ್ರಯೋಗ ನಡೆಸುತ್ತಿದ್ದರು. 1916ರಲ್ಲಿ 'ನೇಚರ್' ಮತ್ತು 'ಫಿಲಸಾಫಿಕಲ್ ಮ್ಯಾಗಜಿನ್' ಪತ್ರಿಕೆಗಳಲ್ಲಿ ಪಿಟೀಲು ಮತ್ತು ಚೆಲ್ಲೊದ ತೋಳದ ಸ್ವರದ ಬಗ್ಗೆ ಬರೆದರು. 1918ರಲ್ಲಿ ಕಮಾನಿನ ತಂತಿಗಳ ಕಂಪನದ ಯಾಂತ್ರಿಕ ಸಿದ್ಧಾಂತ ಕುರಿತ ಅವರ ದೊಡ್ಡ ಪ್ರಬಂಧ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ನಿರ್ದೇಶಕರಾಗಿ ಬಂದದ್ದು ಬಹಳ ತಡವಾಗಿ, 1933ರಲ್ಲಿ. ಬೆಳಕಿನ ಚದುರುವಿಕೆಯ ರಾಮನ್ ನಮಗೆ ಎಷ್ಟು ಪರಿಚಿತರೋ ತಂತಿವಾದ್ಯಗಳ ರಾಮನ್ ಅಷ್ಟು ಪರಿಚಿತರಲ್ಲ. ನಮ್ಮ ಪಠ್ಯಪುಸ್ತಕಗಳು ಇದನ್ನು ಸರಿಪಡಿಸಬಹುದು.

ರಾಮನ್ ಮಾಡಿದ್ದು ತಂತಿಯ ಕಂಪನವನ್ನೂ ವಾದ್ಯದ ಮೇಲ್ಹಲಗೆಯ ಕಂಪನವನ್ನೂ ಒಟ್ಟೊಟ್ಟಿಗೆ ಛಾಯಾಚಿತ್ರದಲ್ಲಿ ದಾಖಲಿಸುವುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಥೆ ಹೀಗೆ ತೆರೆದುಕೊಳ್ಳುತ್ತದೆ. ಒಡಲಿನ ಒಂದು ಪ್ರಬಲ ಅನುರಣನ ಆವೃತ್ತಿಯಲ್ಲೇ ವಾದಕ ಸ್ವರ ನುಡಿಸುತ್ತಾನೆ ಎನ್ನಿ. ಮೊದಲು ತಂತಿ ಸರಿಯಾಗಿಯೇ ಕಂಪಿಸುತ್ತದೆ. ಒಡಲಿನ ಕಂಪನ ನಿಧಾನವಾಗಿ ಬೆಳೆಯುತ್ತದೆ. ಬೆಳೆದಂತೆ ಅದು ತಂತಿಯಿಂದ ಹೆಚ್ಚು ಹೆಚ್ಚು ಶಕ್ತಿಯನ್ನು ಹೀರುತ್ತದೆ. ಒಂದು ಹಂತದಲ್ಲಿ ಕಮಾನು ಆ ಬೇಡಿಕೆಯನ್ನು ಪೂರೈಸಲಾರದೆ ಹೋಗುತ್ತದೆ. ಆವರ್ತಕ್ಕೊಮ್ಮೆ ಜಾರಬೇಕಾದ ತಂತಿ ಎರಡು ಸಲ ಜಾರುತ್ತದೆ, ಮೂಲಸ್ವರ ಕುಗ್ಗಿ ಅದರ ಇಮ್ಮಡಿ ಆವೃತ್ತಿ ಮೇಲುಗೈ ಪಡೆಯುತ್ತದೆ. ಈಗ ಒಡಲನ್ನು ಅದರ ಅನುರಣನ ಆವೃತ್ತಿಯಲ್ಲಿ ತಳ್ಳುವವರಿಲ್ಲ. ಅದರ ಕಂಪನ ಕುಗ್ಗುತ್ತದೆ. ಕುಗ್ಗಿದೊಡನೆ ಬೇಡಿಕೆ ಇಳಿದು ತಂತಿ ಮತ್ತೆ ಮೂಲಸ್ವರಕ್ಕೆ ಮರಳುತ್ತದೆ. ಈ ಚಕ್ರ ಪುನರಾವರ್ತನೆಯಾಗುತ್ತ ಹೋಗುವುದೇ ಗುರುಗುಟ್ಟುವಿಕೆ.

ಅಮೆರಿಕದ ಜಾನ್ ಶೆಲ್ಲೆಂಗ್ 1963ರಲ್ಲಿ ಇದನ್ನೇ ವಿದ್ಯುನ್ಮಂಡಲದ ಭಾಷೆಯಲ್ಲಿ ಹೇಳಿದರು. ಅವರು ಬೆಲ್ ಪ್ರಯೋಗಾಲಯದ ಎಂಜಿನಿಯರ್, ಜೊತೆಗೆ ಚೆಲ್ಲೊ ವಾದಕ. ತಂತಿಗೆ ಒಂದು ಪ್ರತಿಬಾಧೆಯಿದೆ. ಎಳೆತವನ್ನು ತಂತಿಯ ಮೇಲೆ ತರಂಗ ಓಡುವ ವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಒಡಲಿಗೂ ಪ್ರತಿಬಾಧೆಯಿದೆ. ಒಡಲಿನದು ತಂತಿಯದಕ್ಕಿಂತ ಬಹಳ ಹೆಚ್ಚಾಗಿದ್ದರೆ ಕುದುರೆ ತಂತಿಯ ಪಾಲಿಗೆ ಗಟ್ಟಿಯಾದ ಗೋಡೆ. ಆಗ ಸ್ವರ ಸ್ಥಿರ, ಆದರೆ ಶಬ್ದ ಕಡಿಮೆ. ಎರಡೂ ಹತ್ತಿರ ಬಂದರೆ ಶಬ್ದ ಜೋರು, ಆದರೆ ಗೋಡೆಯೇ ಅಲುಗಾಡುತ್ತದೆ. ತಂತಿ ಮತ್ತು ಒಡಲು ಒಂದಕ್ಕೊಂದು ಕೂಡಿಕೊಂಡ ಎರಡು ಲೋಲಕಗಳಂತೆ ವರ್ತಿಸುತ್ತವೆ, ಒಂದು ಆವೃತ್ತಿ ಎರಡಾಗಿ ಸೀಳುತ್ತದೆ, ಅವುಗಳ ನಡುವೆ ವಿಸ್ಪಂದ ಕೇಳಿಸುತ್ತದೆ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಚೆಲ್ಲೊ ತಂತಿಯ ಉದ್ದ 0.69 ಮೀಟರ್ ಎಂದಿಟ್ಟುಕೊಳ್ಳಿ. ತರಂಗವೇಗವೆಂದರೆ ಉದ್ದದ ಇಮ್ಮಡಿಯನ್ನು ಆವೃತ್ತಿಯಿಂದ ಗುಣಿಸಿದ್ದು. ಸಿ ತಂತಿಯಲ್ಲಿ ಅದು ಸೆಕೆಂಡಿಗೆ 90 ಮೀಟರ್, ಡಿ ತಂತಿಯಲ್ಲಿ 203 ಮೀಟರ್. ಎಳೆತ ಕ್ರಮವಾಗಿ 128 ಮತ್ತು 137 ನ್ಯೂಟನ್ ಎಂದು ತೆಗೆದುಕೊಂಡರೆ ಪ್ರತಿಬಾಧೆ ಸೆಕೆಂಡಿಗೆ 1.4 ಮತ್ತು 0.68 ಕಿ.ಗ್ರಾಂ. ಸಿ ತಂತಿಯದು ಡಿ ತಂತಿಯದರ ಎರಡರಷ್ಟಿದೆ. ಒಂದೇ 175 ಹರ್ಟ್ಸ್ ಸ್ವರವನ್ನು ಡಿ ತಂತಿಯಲ್ಲಿ ನುಡಿಸಿದಾಗ ಸುಮ್ಮನಿರುವ ತೋಳ ಸಿ ತಂತಿಯ ಮೇಲ್ಭಾಗದಲ್ಲಿ ನುಡಿಸಿದಾಗ ಏಕೆ ಊಳಿಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪಿಟೀಲಿನ 440 ಹರ್ಟ್ಸ್ ತಂತಿಯ ಪ್ರತಿಬಾಧೆ ಸುಮಾರು 0.19 ಮಾತ್ರ. ಅಲ್ಲಿ ತೋಳದ ಕಾಟ ಕಡಿಮೆ.

ಇನ್ನೂ ಒಂದು ಕಾರಣವಿದೆ. ಚೆಲ್ಲೊದ ತಂತಿಗಳ ಆವೃತ್ತಿ ಪಿಟೀಲಿನ ಅನುರೂಪ ತಂತಿಗಳ ಮೂರರಲ್ಲಿ ಒಂದು ಭಾಗ. ಅಳತೆಗಳನ್ನೆಲ್ಲ ಅದೇ ಅನುಪಾತದಲ್ಲಿ ಹಿಗ್ಗಿಸಿದ್ದರೆ ಒಡಲು 106 ಸೆಂ.ಮೀ. ಇರಬೇಕಿತ್ತು. ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವುದು ಕಷ್ಟ. ಆದ್ದರಿಂದ ತಯಾರಕರು ರಾಜಿ ಮಾಡಿಕೊಂಡರು: ಪಕ್ಕದ ಗೋಡೆಗಳನ್ನು ಪಿಟೀಲಿನ 3 ಸೆಂ.ಮೀ.ಗೆ ಬದಲು ಸುಮಾರು 12 ಸೆಂ.ಮೀ. ಎತ್ತರಿಸಿದರು, ಗಾತ್ರಕ್ಕೆ ಹೋಲಿಸಿದರೆ ಹಲಗೆಗಳನ್ನು ತೆಳುವಾಗಿಟ್ಟರು, ಕುದುರೆಯನ್ನು 9 ಸೆಂ.ಮೀ. ಎತ್ತರಕ್ಕೆ ಒಯ್ದರು. ಭಾರವಾದ ತಂತಿ, ಹಗುರವಾದ ಒಡಲು. ತೋಳ ಈ ರಾಜಿಯ ಬೆಲೆ. ಅದನ್ನು ತಯಾರಕನ ಅಜಾಗರೂಕತೆ ಎಂದು ತಿಳಿಯುವುದು ಅನ್ಯಾಯ. ನಾದ ಧಾರಾಳವಾಗಿರುವ ಚೆಲ್ಲೊಗಳಲ್ಲಿ ತೋಳವೂ ಪ್ರಬಲವಾಗಿರುವುದುಂಟು.

ಹೊಂದಿಸುವಾಗ ಏನು ಬದಲಾಗುತ್ತದೆ?

ಈಗ ಕುಶಲಕರ್ಮಿಯ ಮೇಜಿಗೆ ಬರೋಣ. ಅವನು ಮೊದಲು ನೋಡುವುದು ಕುದುರೆ ನೆಟ್ಟಗಿದೆಯೇ ಎಂದು. ಶ್ರುತಿ ಮಾಡುವಾಗ ತಂತಿಗಳು ಕುದುರೆಯ ನೆತ್ತಿಯನ್ನು ಬೆರಳುಹಲಗೆಯ ಕಡೆಗೆ ಎಳೆಯುತ್ತಿರುತ್ತವೆ. ಬಾಲದ ಕಡೆಗಿನ ಮುಖ ಹಲಗೆಗೆ ಲಂಬವಾಗಿರಬೇಕು, ಪಾದಗಳು ಹಲಗೆಯ ಉಬ್ಬಿಗೆ ಕಾಗದ ತೂರದಷ್ಟು ಹೊಂದಿಕೊಂಡಿರಬೇಕು. ವಾಲಿದ ಕುದುರೆ ಪಾದದ ಒಂದಂಚಿನ ಮೇಲಷ್ಟೇ ನಿಂತಿರುತ್ತದೆ, ಕ್ರಮೇಣ ಬಾಗಿಹೋಗುತ್ತದೆ. ಬಹಳಷ್ಟು ದೂರುಗಳು ಇಷ್ಟರಲ್ಲೇ ಪರಿಹಾರವಾಗುತ್ತವೆ.

ಕುದುರೆಯ ಎತ್ತರ ಬದಲಿಸಿದರೆ? ಆಧಾರ ಬಿಂದುವಿನಿಂದ ಇನ್ನೊಂದು ಪಾದಕ್ಕೆ 7 ಸೆಂ.ಮೀ. ಎಂದಿಟ್ಟುಕೊಂಡರೆ 9 ಸೆಂ.ಮೀ. ಎತ್ತರದ ಸನ್ನೆ ಬಲವನ್ನು 9/7ರಷ್ಟು ಹೆಚ್ಚಿಸುತ್ತದೆ. ಎತ್ತರವನ್ನು 2 ಮಿ.ಮೀ. ಹೆಚ್ಚಿಸಿದರೆ ಬಲದ ವ್ಯತ್ಯಾಸ ಶೇಕಡ 2ರ ಆಸುಪಾಸು, ಪ್ರತಿಬಾಧೆಯದು ಅದರ ಇಮ್ಮಡಿ. ಕಿವಿಗೆ ಇದೇನೂ ದೊಡ್ಡದಲ್ಲ. ಎತ್ತರ ಬದಲಿಸಿದಾಗ ವಾದಕರು ಹೇಳುವ ದೊಡ್ಡ ವ್ಯತ್ಯಾಸಗಳಲ್ಲಿ ಒಂದಷ್ಟು ಬೆರಳಿಗೆ ತಂತಿ ಸಿಗುವ ರೀತಿ ಬದಲಾದುದರಿಂದ ಬಂದದ್ದು ಎಂದು ನನ್ನ ಅಭಿಪ್ರಾಯ.

ಒಳಗಂಬದ ವಿಷಯ ಹೆಚ್ಚು ಸ್ವಾರಸ್ಯಕರ. ಕುದುರೆಯ ಪಾದಕ್ಕೆ ಹತ್ತಿರ ತಂದರೆ ಆಧಾರ ಗಡುಸಾಗಿ ನಾದ ಹೊಳಪು, ಬಿಗಿ ಪಡೆಯುತ್ತದೆ. ದೂರ ಸರಿಸಿದರೆ ಮೃದುವಾಗುತ್ತದೆ ಎಂಬುದು ಸಾಮಾನ್ಯ ಅನುಭವ. ಆದರೆ ಪಕ್ಕಕ್ಕೆ ಸರಿಸುವುದರ ಬಗ್ಗೆ ಕುಶಲಕರ್ಮಿಗಳ ನಿಯಮಗಳು ಒಂದಕ್ಕೊಂದು ಹೊಂದುವುದಿಲ್ಲ. ಇದಕ್ಕೆ ರೇಖಾಗಣಿತದ ಕಾರಣವಿದೆ. ಹಲಗೆಗಳು ಉಬ್ಬಿದ ಆಕಾರದವು, ನಡುವಿನಲ್ಲಿ ಅವುಗಳ ನಡುವಿನ ಅಂತರ ಹೆಚ್ಚು. ಒಳಗಂಬದ ಉದ್ದ ಬದಲಾಗದು. ಅದನ್ನು ರಂಧ್ರದ ಕಡೆಗೆ ಸರಿಸಿದರೆ ಇಕ್ಕಟ್ಟಿನ ಜಾಗಕ್ಕೆ ಹೋಗಿ ಬಿಗಿಯಾಗುತ್ತದೆ, ನಡುವಿಗೆ ಸರಿಸಿದರೆ ಸಡಿಲವಾಗುತ್ತದೆ. ಸ್ಥಾನವನ್ನು ಮಾತ್ರ ಬದಲಿಸಿದೆ ಎಂದುಕೊಂಡವನು ನಿಜದಲ್ಲಿ ಸ್ಥಾನ, ಬಿಗಿತ ಎರಡನ್ನೂ ಬದಲಿಸಿರುತ್ತಾನೆ. ಪ್ರಯೋಗದಲ್ಲಿ ಒಮ್ಮೆಗೆ ಒಂದೇ ಚರವನ್ನು ಬದಲಿಸಬೇಕು ಎಂದು ನಾವು ತರಗತಿಯಲ್ಲಿ ಹೇಳುತ್ತೇವಲ್ಲ, ಆ ನಿಯಮವನ್ನು ಪಾಲಿಸಲು ಇಲ್ಲಿ ಪ್ರತಿ ಸ್ಥಾನಕ್ಕೂ ಹೊಸ ಕಂಬವನ್ನೇ ಕತ್ತರಿಸಬೇಕಾಗುತ್ತದೆ.

ಕಂಬದ ತುದಿಗಳು ಹಲಗೆಯ ಒಳಮೈಯ ಇಳಿಜಾರಿಗೆ ಸರಿಯಾಗಿ ಕೂರಬೇಕು. ಅಂಚು ಮಾತ್ರ ತಾಗಿದರೆ ಸಣ್ಣ ಜಾಗದಲ್ಲಿ ದೊಡ್ಡ ಒತ್ತಡ ಬಿದ್ದು ಮೆತ್ತನೆಯ ಸ್ಪ್ರೂಸ್ ಜಜ್ಜಿಹೋಗುತ್ತದೆ. ಕಂಬ ಉದ್ದವಾದರೆ ಇನ್ನೂ ಅಪಾಯ. ಹಲಗೆ ಉಬ್ಬಿ ಆ ಜಾಗದಲ್ಲಿ ಸೀಳಬಹುದು. ಒಳಗಂಬದ ಜಾಗದಲ್ಲಿ ಹಿಂಬದಿಯ ಹಲಗೆ ಸೀಳಿದರೆ ದುರಸ್ತಿ ಕಠಿಣ, ವಾದ್ಯದ ಬೆಲೆಯೂ ಬಹಳ ಇಳಿಯುತ್ತದೆ. ನಾದದ ಆಸೆಗೆ ಬಿಗಿಯಾದ ಕಂಬ ಹಾಕಿಸಿಕೊಳ್ಳುವವರು ಇದನ್ನು ತಿಳಿದಿರಬೇಕು.

ಹವಾಮಾನದ ಪಾತ್ರವೂ ಇದೆ. ತೇವ ಹೆಚ್ಚಾದಾಗ ಮರ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ನಾರಿನ ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ. ಹಲಗೆಯ ಅಂಚುಗಳು ಅಂಟಿನಿಂದ ಬಂಧಿತವಾಗಿರುವುದರಿಂದ ಅಗಲ ಹಿಗ್ಗಿದರೆ ಉಬ್ಬು ಮೇಲೇಳುತ್ತದೆ. ಕಂಬದ ನಾರು ಉದ್ದಕ್ಕಿರುವುದರಿಂದ ಅದು ಬೆಳೆಯುವುದಿಲ್ಲ. ಹೀಗಾಗಿ ತೇವದ ಕಾಲದಲ್ಲಿ ಕಂಬ ಸಡಿಲ, ತಂತಿ ಎತ್ತರ. ಒಣ ಕಾಲದಲ್ಲಿ ಕಂಬ ಬಿಗಿ, ತಂತಿ ತಗ್ಗು. ಚಳಿಗಾಲದಲ್ಲಿ ಮನೆಯನ್ನು ಬಿಸಿ ಮಾಡಿ ಒಣಗಿಸುವ ದೇಶಗಳಲ್ಲಿ ಅನೇಕ ಚೆಲ್ಲೊ ವಾದಕರು ಚಳಿಗಾಲಕ್ಕೆ ಒಂದು ಎತ್ತರದ ಕುದುರೆ, ಬೇಸಿಗೆಗೆ ಒಂದು ತಗ್ಗಿನ ಕುದುರೆ ಇಟ್ಟುಕೊಂಡಿರುತ್ತಾರೆ. ಮಂಗಳೂರಿನ ಮಳೆಗಾಲದಿಂದ ಕಲಬುರಗಿಯ ಬೇಸಿಗೆಗೆ ಒಯ್ದ ಪಿಟೀಲಿಗೂ ಇದೇ ಗತಿ.

ತೋಳಕ್ಕೇನು ಮದ್ದು? ಒಳಗಂಬವನ್ನು ಸರಿಸಿ ಅಥವಾ ಬಿಗಿಗೊಳಿಸಿ ಒಡಲಿನ ಆ ಅನುರಣನೆಯನ್ನು ಕೆಲವು ಹರ್ಟ್ಸ್ ಕದಲಿಸಬಹುದು. 175 ಮತ್ತು 185 ಹರ್ಟ್ಸ್‌ನ ಎರಡು ಸ್ವರಗಳ ನಡುವೆ, 180ರ ಬಳಿ, ಅದನ್ನು ಕೂರಿಸಿದರೆ ವಾದಕ ನೇರವಾಗಿ ಅದನ್ನು ಎದುರಿಸುವ ಸಂದರ್ಭ ಕಡಿಮೆ. ಹಗುರವಾದ ತಂತಿ ಹಾಕಬಹುದು. ಕುದುರೆಯ ಹಿಂದೆ ತಂತಿಗೆ ಪುಟ್ಟ ಹಿತ್ತಾಳೆ ಕೊಳವೆಯನ್ನು ಸಿಕ್ಕಿಸಿ, ಆ ತುಂಡು ತಂತಿ ತೋಳದ ಆವೃತ್ತಿಯಲ್ಲೇ ಅನುರಣಿಸುವಂತೆ ಸರಿಸಿ ಶಕ್ತಿಯನ್ನು ಅಲ್ಲಿ ಹೀರಿಸಬಹುದು. ಇನ್ನೂ ಸರಳ ಉಪಾಯ, ಆ ಸ್ವರ ಬಂದಾಗ ವಾದ್ಯವನ್ನು ಮೊಣಕಾಲಿನಿಂದ ಒತ್ತಿ ಹಿಡಿಯುವುದು. ಅದು ಕಂಪನದ ಕ್ಷಯವನ್ನು ಹೆಚ್ಚಿಸುತ್ತದೆ. ಇವುಗಳಲ್ಲಿ ಯಾವುದೂ ತೋಳವನ್ನು ಕೊಲ್ಲುವುದಿಲ್ಲ, ಜಾಗ ಬದಲಿಸುತ್ತದೆ ಅಥವಾ ಪಳಗಿಸುತ್ತದೆ.

ಶಾಲೆಯಲ್ಲಿ ಮಾಡಬಹುದಾದದ್ದು

ಚೆಲ್ಲೊ ಸಿಗುವುದು ಕಷ್ಟ. ಸಂಗೀತ ಶಿಕ್ಷಕರ ಬಳಿ ಒಂದು ಹಳೆಯ ಪಿಟೀಲು ಸಿಕ್ಕರೆ ಸಾಕು. ಒಂದು ಎಚ್ಚರಿಕೆ: ಒಳಗಂಬಕ್ಕೆ ಯಾರೂ ಕೈ ಹಾಕಬಾರದು, ವಾರ್ನಿಶ್‌ಗೆ ಅಂಟುಪಟ್ಟಿ ಹಚ್ಚಬಾರದು.

ತಂತಿಗಳನ್ನು ಬಟ್ಟೆಯಿಂದ ಒತ್ತಿ ಹಿಡಿದು ಕುದುರೆಯ ಪಕ್ಕಕ್ಕೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ ಶಬ್ದವನ್ನು ಮೊಬೈಲಿನಲ್ಲಿ ದಾಖಲಿಸಿ. ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಅದರ ಆವೃತ್ತಿ ರೋಹಿತವನ್ನು ನೋಡಿದರೆ 270-290 ಹರ್ಟ್ಸ್ ಸುತ್ತ ಒಂದು ಶಿಖರ ಕಾಣಬೇಕು. ಅದು ಒಡಲೊಳಗಿನ ಗಾಳಿಯ ಅನುರಣನೆ. ರಂಧ್ರಗಳ ಮೇಲೆ ಮೆತ್ತನೆಯ ಬಟ್ಟೆ ಇಟ್ಟು ಮತ್ತೆ ತಟ್ಟಿ, ಶಿಖರಕ್ಕೆ ಏನಾಯಿತು ನೋಡಿ. ಬಳಿಕ ಒಂದು ತಂತಿಯನ್ನು ಕಮಾನಿನಿಂದ ನುಡಿಸಿ ದಾಖಲಿಸಿ, ಕುದುರೆಯ ನೆತ್ತಿಗೆ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಸಿಕ್ಕಿಸಿ ಮತ್ತೊಮ್ಮೆ ನುಡಿಸಿ. 2000 ಹರ್ಟ್ಸ್‌ಗಿಂತ ಮೇಲಿನ ಮೇಲ್ಸ್ವರಗಳನ್ನು ಎರಡು ಚಿತ್ರಗಳಲ್ಲಿ ಹೋಲಿಸಿ.

ಒಳಗಂಬದ ತತ್ತ್ವವನ್ನು ವಾದ್ಯವಿಲ್ಲದೆಯೂ ತೋರಿಸಬಹುದು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ದೊಡ್ಡ ಬಲೂನಿನ ರಬ್ಬರ್ ಬಿಗಿದು ಕಟ್ಟಿ. ಡಬ್ಬಿಯ ಪಕ್ಕದಲ್ಲಿ ತೂತು ಕೊರೆದು ಸಣ್ಣ ಪಾರದರ್ಶಕ ಕೊಳವೆ ಸೇರಿಸಿ, ಸಂದುಗಳನ್ನು ಮೇಣದಿಂದ ಮುಚ್ಚಿ, ಕೊಳವೆಯನ್ನು 'ಯು' ಆಕಾರಕ್ಕೆ ಬಾಗಿಸಿ ಬಣ್ಣದ ನೀರು ತುಂಬಿ. ಎರಡು ಪಾದಗಳಿರುವ ಥರ್ಮೊಕೋಲ್ ಕುದುರೆಯನ್ನು ಪಾದಗಳು ನಡುಬಿಂದುವಿನಿಂದ ಸಮದೂರದಲ್ಲಿರುವಂತೆ ರಬ್ಬರಿಗೆ ಅಂಟಿಸಿ. ನೆತ್ತಿಯನ್ನು ಕೆಳಕ್ಕೆ ಒತ್ತದೆ ಪಕ್ಕಕ್ಕೆ ಮಾತ್ರ ವಾಲಿಸಿದರೆ ನೀರಿನ ಮಟ್ಟ ಬಹುತೇಕ ಅಲುಗಾಡುವುದಿಲ್ಲ. ಈಗ ರಬ್ಬರನ್ನು ಬಿಚ್ಚಿ, ಡಬ್ಬಿಯ ತಳದಿಂದ ಒಂದು ಪಾದದ ಅಡಿಯವರೆಗೆ ಬರುವಷ್ಟು ಉದ್ದದ ಪೆನ್ಸಿಲ್ ತುಂಡನ್ನು ಒಳಗೆ ನಿಲ್ಲಿಸಿ ಮತ್ತೆ ಕಟ್ಟಿ. ಪೆನ್ಸಿಲ್ಲಿನ ಮೇಲಿರುವ ಪಾದ ಒತ್ತುವ ದಿಕ್ಕಿಗೆ ವಾಲಿಸಿ, ಬಳಿಕ ಇನ್ನೊಂದು ದಿಕ್ಕಿಗೆ ವಾಲಿಸಿ. ಎರಡೂ ಸಲ ನೀರಿನ ಮಟ್ಟ ಯಾವ ಕಡೆಗೆ, ಎಷ್ಟು ಸರಿಯಿತು ಎಂಬುದನ್ನು ವಿದ್ಯಾರ್ಥಿಗಳು ಅಳೆದು ಬರೆದುಕೊಳ್ಳಲಿ. ಪೆನ್ಸಿಲನ್ನು ಪಾದದ ಕೆಳಗಿನಿಂದ ಅರ್ಧ ಸೆಂ.ಮೀ. ನಡುವಿಗೆ ಸರಿಸಿದರೆ ಅಳತೆ ಎಷ್ಟು ಬದಲಾಗುತ್ತದೆ ಎಂಬುದನ್ನೂ ನೋಡಲಿ.